ಐಡಾ ಸ್ಕಡರ್

ಡಾ. ಐಡಾ ಸೋಫಿಯಾ ಸ್ಕಡರ್ (9 ಡಿಸೆಂಬರ್ 1870 – 24 ಮೇ 1960) ಭಾರತದಲ್ಲಿ ಸೇವೆ ಸಲ್ಲಿಸಿದ ಅಮೆರಿಕನ್ ವೈದ್ಯೆ ಮತ್ತು ವೈದ್ಯಕೀಯ ಶಿಕ್ಷಣ ತಜ್ಞೆ. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಆಸ್ಪತ್ರೆಯ (ಸಿ.ಎಂ.ಸಿ.) ಸ್ಥಾಪಕಿ. 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭವಾದ ಈ ಸಂಸ್ಥೆ ದಾನಿಗಳ ದೇಣಿಗೆ, ರೋಗಿಗಳ ಶುಲ್ಕ ಮತ್ತು ಸಿಬ್ಬಂದಿಯ ತ್ಯಾಗದಿಂದ ಬೆಳೆದು, ಇಂದು ದಕ್ಷಿಣ ಭಾರತದ ಪ್ರಮುಖ ಚಿಕಿತ್ಸಾ ಮತ್ತು ಸಂಶೋಧನಾ ಕೇಂದ್ರಗಳಲ್ಲಿ ಒಂದಾಗಿದೆ. ಕರ್ನಾಟಕದ ಪೂರ್ವ ಗಡಿಯ ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.), ಬಂಗಾರಪೇಟೆ ಮೊದಲಾದ ಊರುಗಳ ಜನರೂ ಕಠಿಣ ಕಾಯಿಲೆಗಳಿಗೆ ಈ ಆಸ್ಪತ್ರೆಯನ್ನು ಆಶ್ರಯಿಸುತ್ತ ಬಂದಿದ್ದಾರೆ.

ಮನೆತನ ಮತ್ತು ಬಾಲ್ಯ

ಐಡಾ ಸ್ಕಡರ್ ಅವರು ಆಗಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್ ಜಿಲ್ಲೆಯ ರಾಣಿಪೇಟೆಯಲ್ಲಿ ಜನಿಸಿದರು. ತಂದೆ ಡಾ. ಎರಡನೆಯ ಜಾನ್ ಸ್ಕಡರ್, ತಾಯಿ ಸೋಫಿಯಾ ವೆಲ್ಡ್ ಸ್ಕಡರ್. ಐವರು ಗಂಡುಮಕ್ಕಳ ನಂತರ ಹುಟ್ಟಿದ ಒಬ್ಬಳೇ ಮಗಳು ಐಡಾ. ಅವರ ಅಜ್ಜ ಡಾ. ಜಾನ್ ಸ್ಕಡರ್ 1819ರಲ್ಲಿ ಸಿಲೋನಿಗೆ, ಅನಂತರ ಮದ್ರಾಸಿಗೆ ಬಂದು ವೈದ್ಯರಾಗಿ ದುಡಿದವರು. ಅವರ ಮಕ್ಕಳಲ್ಲಿಯೂ ಮೊಮ್ಮಕ್ಕಳಲ್ಲಿಯೂ ಅನೇಕರು ಅಮೆರಿಕದ ರಿಫಾರ್ಮ್ಡ್ ಚರ್ಚಿನ ಆರ್ಕಾಟ್ ಮಿಷನ್ನಿನಲ್ಲಿ ಕೆಲಸ ಮಾಡಿದರು. ಹೀಗಾಗಿ ಆ ಪ್ರದೇಶದಲ್ಲಿ ಸ್ಕಡರ್ ಎಂಬ ಹೆಸರು ವೈದ್ಯ ವೃತ್ತಿಯೊಡನೆ ಬೆರೆತುಹೋಗಿತ್ತು.

1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನೂ ಮದ್ರಾಸ್ ಪ್ರಾಂತ್ಯವನ್ನೂ ಕಾಡಿದ ಭೀಕರ ಕ್ಷಾಮವನ್ನು ಐಡಾ ಬಾಲ್ಯದಲ್ಲಿಯೇ ಕಂಡರು. ಈ ಕ್ಷಾಮವೇ ಕನ್ನಡ ನಾಡಿನಲ್ಲಿ ಧಾತು ಈಶ್ವರ ಸಂವತ್ಸರಗಳ ಬರವೆಂದು ಜನರ ನೆನಪಿನಲ್ಲಿ ಉಳಿದಿದೆ. ಹಸಿದ ಮಕ್ಕಳಿಗೆ ರೊಟ್ಟಿಯ ತುಣುಕುಗಳನ್ನು ಹಂಚುವ ಕೆಲಸದಲ್ಲಿ ಪುಟ್ಟ ಐಡಾ ಸಹ ತೊಡಗಿದ್ದರೆಂದು ಜೀವನಚರಿತ್ರೆಕಾರರು ತಿಳಿಸುತ್ತಾರೆ. ಕ್ಷಾಮದ ನಂತರ ಕುಟುಂಬವು ಅಮೆರಿಕಕ್ಕೆ ಮರಳಿತು. ಕೆಲವು ವರ್ಷಗಳಲ್ಲಿ ತಂದೆಯೂ, ಆಮೇಲೆ ತಾಯಿಯೂ ಭಾರತಕ್ಕೆ ಹಿಂದಿರುಗಿದಾಗ ಐಡಾ ಬಂಧುಗಳ ಆಶ್ರಯದಲ್ಲಿ ಷಿಕಾಗೋದಲ್ಲಿ ಉಳಿಯಬೇಕಾಯಿತು. ಮುಂದೆ ಮ್ಯಾಸಚೂಸೆಟ್ಸ್‌ನ ನಾರ್ತ್‌ಫೀಲ್ಡ್ ಹೆಣ್ಣುಮಕ್ಕಳ ವಿದ್ಯಾಶಾಲೆಯಲ್ಲಿ ಅವರ ಶಿಕ್ಷಣ ನಡೆಯಿತು. ಮನೆತನದ ದಾರಿಯನ್ನು ಹಿಡಿಯುವ ಇಚ್ಛೆ ಆಗ ಅವರಿಗೆ ಇರಲಿಲ್ಲ. ಅಮೆರಿಕದಲ್ಲಿಯೇ ನೆಲೆಸಿ ಸಂಸಾರ ಹೂಡಬೇಕೆಂಬುದು ಅವರ ಆಸೆಯಾಗಿತ್ತು.

ತಿಂಡಿವನದ ಒಂದು ರಾತ್ರಿ

1890ರಲ್ಲಿ ತಾಯಿಗೆ ಅನಾರೋಗ್ಯವೆಂಬ ಸುದ್ದಿ ಬಂದಾಗ ಐಡಾ ಅವರನ್ನು ಶುಶ್ರೂಷೆ ಮಾಡಲೆಂದು ಭಾರತಕ್ಕೆ ಬಂದರು. ಆಗ ತಂದೆತಾಯಿಗಳು ತಿಂಡಿವನದಲ್ಲಿ ವಾಸವಾಗಿದ್ದರು. ಅಲ್ಲಿ ಒಂದು ರಾತ್ರಿ ಮೂರು ಮನೆಗಳ ಗಂಡಸರು ಒಬ್ಬರ ಹಿಂದೊಬ್ಬರು ಬಂದು ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮತ್ತೊಬ್ಬ ಮೇಲ್ಜಾತಿಯ ಹಿಂದೂ. ಮೂವರ ಪತ್ನಿಯರೂ ಹೆರಿಗೆಯಲ್ಲಿ ಕಷ್ಟಪಡುತ್ತಿದ್ದರು. ತನಗೆ ವೈದ್ಯ ತಿಳಿಯದು, ವೈದ್ಯರಾದ ತನ್ನ ತಂದೆಯನ್ನು ಕರೆದೊಯ್ಯಬಹುದು ಎಂದು ಐಡಾ ಹೇಳಿದರೂ, ಪರಪುರುಷನು ಹೆಂಗಸಿನ ಹೆರಿಗೆಯ ಕೋಣೆಗೆ ಬರುವುದನ್ನು ಅವರ ಸಂಪ್ರದಾಯ ಒಪ್ಪಲಿಲ್ಲ. ಮೂವರೂ ಬರಿಗೈಯಲ್ಲಿ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ಹೆಂಗಸರೂ ತೀರಿಕೊಂಡಿದ್ದರು.

ಈ ಘಟನೆ ಐಡಾ ಅವರ ಬದುಕಿನ ದಿಕ್ಕನ್ನು ಬದಲಿಸಿತು. ವೈದ್ಯರಿದ್ದೂ ಹೆಂಗಸರು ಸಾಯುವುದಕ್ಕೆ ಮಹಿಳಾ ವೈದ್ಯರ ಅಭಾವವೇ ಕಾರಣವೆಂಬುದು ಅವರಿಗೆ ಮನದಟ್ಟಾಯಿತು. ಇದು ಒಂದು ಊರಿನ ಕಥೆಯಾಗಿರಲಿಲ್ಲ. ಭಾರತದ ಮಹಿಳೆಯರಿಗೆ ಮಹಿಳೆಯರಿಂದಲೇ ವೈದ್ಯಕೀಯ ನೆರವು ಒದಗಿಸುವ ಉದ್ದೇಶದಿಂದ 1885ರಲ್ಲಿ ಕೌಂಟೆಸ್ ಆಫ್ ಡಫರಿನ್ ನಿಧಿ ಸ್ಥಾಪನೆಯಾಗಿತ್ತು. ಆದರೆ ಸಣ್ಣ ಊರುಗಳಿಗೂ ಹಳ್ಳಿಗಳಿಗೂ ಅದರ ಪ್ರಯೋಜನ ಇನ್ನೂ ತಲುಪಿರಲಿಲ್ಲ. ಹೆರಿಗೆಗಳು ಸೂಲಗಿತ್ತಿಯರ ಕೈಯಲ್ಲಿಯೇ ನಡೆಯುತ್ತಿದ್ದವು. ತೊಡಕು ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯವಿತ್ತು.

ವೈದ್ಯಕೀಯ ಶಿಕ್ಷಣ

ಅಮೆರಿಕಕ್ಕೆ ಮರಳಿದ ಐಡಾ 1895ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದರು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜು ಮಹಿಳೆಯರಿಗೆ ಪ್ರವೇಶ ನೀಡಿದಾಗ ಅಲ್ಲಿಗೆ ವರ್ಗಾಯಿಸಿಕೊಂಡು, 1899ರಲ್ಲಿ ಪದವಿ ಪಡೆದರು. ಆ ಕಾಲೇಜಿನಿಂದ ವೈದ್ಯಕೀಯ ಪದವಿ ಪಡೆದ ಮೊದಲ ತಂಡದ ಮಹಿಳೆಯರಲ್ಲಿ ಅವರೂ ಒಬ್ಬರು.

ಮೊದಲ ದೊಡ್ಡ ದೇಣಿಗೆ

ಭಾರತಕ್ಕೆ ಹೊರಡುವ ಮೊದಲು ವೆಲ್ಲೂರಿನಲ್ಲಿ ಮಹಿಳೆಯರ ಆಸ್ಪತ್ರೆ ಕಟ್ಟಲು 8,000 ಡಾಲರ್ ಸಂಗ್ರಹಿಸುವ ಹೊಣೆಯನ್ನು ಮಿಷನ್ ಅವರಿಗೆ ವಹಿಸಿತು. ಆಗಷ್ಟೇ ಪದವಿ ಮುಗಿಸಿದ, ಹೆಸರು ಗಳಿಸಿಲ್ಲದ ಯುವತಿಗೆ ಇದು ದೊಡ್ಡ ಮೊತ್ತ. ಚರ್ಚುಗಳ ಮಹಿಳಾ ಸಂಘಗಳಲ್ಲಿ ಮಾತನಾಡಿ, ಮನೆಮನೆಗೆ ಹೋಗಿ ಕೇಳಿದರೂ ಹಣ ನಿಧಾನವಾಗಿ ಬರುತ್ತಿತ್ತು. ಕೊನೆಗೆ ನ್ಯೂಯಾರ್ಕಿನ ಬ್ಯಾಂಕರ್ ಶೆಲ್ ಎಂಬುವರು ತಮ್ಮ ದಿವಂಗತ ಪತ್ನಿ ಮೇರಿ ಟೇಬರ್ ಶೆಲ್ ಅವರ ನೆನಪಿಗಾಗಿ 10,000 ಡಾಲರ್ ನೀಡಿದರು. ಪಕ್ಕದ ಕೋಣೆಯಲ್ಲಿ ಕುಳಿತಿದ್ದ ಅವರು, ತಿಂಡಿವನದ ಆ ರಾತ್ರಿಯ ವಿಷಯವನ್ನು ಐಡಾ ತಮ್ಮ ಮನೆಯವರಿಗೆ ವಿವರಿಸುತ್ತಿದ್ದುದನ್ನು ಕೇಳಿ ಮನಸ್ಸು ಮಾಡಿದರೆಂದು ಜೀವನಚರಿತ್ರೆಗಳಲ್ಲಿ ಬರುತ್ತದೆ.

ಸತ್ತವರ ಹೆಸರಿನಲ್ಲಿ ಆಸ್ಪತ್ರೆ ಕಟ್ಟಿಸುವ ಈ ರೂಢಿ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಕೋಲಾರ ನಗರದಲ್ಲಿ ಮೆಥೊಡಿಸ್ಟ್ ಮಿಷನ್ ನಡೆಸಿದ ಎಲೆನ್ ಥೊಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ, ಮೈಸೂರಿನಲ್ಲಿ 1906ರಲ್ಲಿ ಆರಂಭವಾದ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ) ಇದೇ ಬಗೆಯವು. ಛತ್ರ, ಕೆರೆ, ಅರವಟ್ಟಿಗೆಗಳನ್ನು ಹಿರಿಯರ ಹೆಸರಿನಲ್ಲಿ ಕಟ್ಟಿಸುವ ಸಂಪ್ರದಾಯವಿದ್ದ ನಾಡಿನಲ್ಲಿ ಸ್ಮಾರಕ ಆಸ್ಪತ್ರೆಯ ಕಲ್ಪನೆ ಜನರಿಗೆ ಅಪರಿಚಿತವೆನಿಸಲಿಲ್ಲ.

ಒಂದು ಹಾಸಿಗೆಯಿಂದ 40 ಹಾಸಿಗೆಗಳಿಗೆ

1900ರ ಜನವರಿ 1ರಂದು ಐಡಾ ತಮ್ಮ ಸ್ನೇಹಿತೆ ಆ್ಯನಿ ಹ್ಯಾನ್‌ಕಾಕ್ ಅವರೊಂದಿಗೆ ಭಾರತಕ್ಕೆ ಮರಳಿ ಬಂದರು. ಅದೇ ವರ್ಷ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಅನುಭವಿ ವೈದ್ಯರ ಮಾರ್ಗದರ್ಶನದಲ್ಲಿ ಕೆಲಸ ಕಲಿಯಬೇಕೆಂದಿದ್ದ ಅವರು ಒಂಟಿಯಾಗಿಯೇ ವೃತ್ತಿ ಆರಂಭಿಸಬೇಕಾಯಿತು. ಆಸ್ಪತ್ರೆಯ ಕಟ್ಟಡ ಇನ್ನೂ ಸಿದ್ಧವಾಗಿರಲಿಲ್ಲ. ಮಿಷನ್ ಬಂಗಲೆಯ ಸಣ್ಣ ಕೋಣೆಯೊಂದರಲ್ಲಿ ಒಂದು ಹಾಸಿಗೆ ಹಾಕಿ ಚಿಕಿತ್ಸಾಲಯ ತೆರೆದರು.

ಮೊದಮೊದಲು ರೋಗಿಗಳು ಬರಲು ಹಿಂಜರಿದರು. ಹೆಣ್ಣೊಬ್ಬಳು ವೈದ್ಯೆಯಾಗಿರುವುದೇ ಜನರಿಗೆ ಹೊಸದಾಗಿತ್ತು. ಕೊನೆಯ ಗಳಿಗೆಯಲ್ಲಿ ಕರೆಸಿಕೊಂಡ ರೋಗಿ ಉಳಿಯದಿದ್ದರೆ ಅಪವಾದ ವೈದ್ಯೆಯ ಮೇಲೆಯೇ ಬರುತ್ತಿತ್ತು. ಗುಣವಾದವರ ಮಾತು ಹರಡಿದಂತೆ ಜನ ಬರತೊಡಗಿದರು. ಮೊದಲ ಎರಡು ವರ್ಷಗಳಲ್ಲಿ ಸುಮಾರು 5,000 ಮಂದಿಗೆ ಚಿಕಿತ್ಸೆ ನೀಡಲಾಯಿತು. ಸಲೋಮಿ ಎಂಬ ಸ್ಥಳೀಯ ಮಹಿಳೆ ಅವರ ಮೊದಲ ಸಹಾಯಕಿಯಾಗಿ ಪಳಗಿದರು.

1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಸ್ಮಾರಕ ಆಸ್ಪತ್ರೆ ಆರಂಭವಾಯಿತು. ಮರುವರ್ಷ ವೆಲ್ಲೂರಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಐಡಾ ರೋಗಿಗಳ ನಡುವೆ ದುಡಿದರು.

ರಸ್ತೆ ಬದಿಯ ಔಷಧಾಲಯಗಳು

ಆಸ್ಪತ್ರೆಗೆ ಬರಲಾಗದವರ ಬಳಿಗೆ ಆಸ್ಪತ್ರೆಯೇ ಹೋಗಬೇಕೆಂದು ಐಡಾ ಬೇಗನೆ ಮನಗಂಡರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಅವರು ವಾರಕ್ಕೊಮ್ಮೆ ಗುಡಿಯಾತ್ತಂ ಊರಿಗೆ ಹೋಗಿ ರೋಗಿಗಳನ್ನು ನೋಡತೊಡಗಿದರು. ದಾರಿಯುದ್ದಕ್ಕೂ ಮರದ ನೆರಳಿನಲ್ಲಿ ರೋಗಿಗಳು ಗುಂಪುಗುಂಪಾಗಿ ಕಾಯುತ್ತಿದ್ದರು. ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಕಣ್ಣಿಗೆ ಔಷಧಿ ಹಾಕುವುದು, ಕೆಟ್ಟ ಹಲ್ಲು ಕೀಳುವುದು, ಗರ್ಭಿಣಿಯರನ್ನು ಪರೀಕ್ಷಿಸುವುದು ಎಲ್ಲವೂ ರಸ್ತೆಯ ಪಕ್ಕದಲ್ಲಿಯೇ ನಡೆಯುತ್ತಿತ್ತು. ಕುಷ್ಠರೋಗಿಗಳನ್ನೂ ದೂರವಿಡದೆ ಅಲ್ಲಿಯೇ ಉಪಚರಿಸಲಾಗುತ್ತಿತ್ತು. ಶಸ್ತ್ರಚಿಕಿತ್ಸೆ ಬೇಕಾದವರನ್ನು ವೆಲ್ಲೂರಿಗೆ ಕರೆತರುತ್ತಿದ್ದರು.

1909ರಲ್ಲಿ ಅವರಿಗೆ ಪ್ಯೂಜೊ ಮೋಟಾರು ಕಾರೊಂದು ದೊರಕಿತು. ಎತ್ತಿನ ಗಾಡಿಗಳಷ್ಟೇ ಓಡಾಡುತ್ತಿದ್ದ ದಾರಿಯಲ್ಲಿ ಸದ್ದು ಮಾಡುತ್ತ ಬರುವ ಈ ವಾಹನವನ್ನು ಕಂಡು ಹಳ್ಳಿಗರು ಮೊದಲು ಹೆದರಿ ಓಡುತ್ತಿದ್ದರಂತೆ. ಕ್ರಮೇಣ ಅದರ ಸದ್ದೇ ಡಾಕ್ಟರಮ್ಮ ಬಂದರೆಂಬ ಸೂಚನೆಯಾಯಿತು. ಇಂದಿನ ಸಂಚಾರಿ ಆಸ್ಪತ್ರೆಗಳಿಗೂ ಸಮುದಾಯ ಆರೋಗ್ಯ ಕಾರ್ಯಕ್ರಮಗಳಿಗೂ ಈ ರಸ್ತೆ ಬದಿಯ ಔಷಧಾಲಯಗಳು ಒಂದು ಆರಂಭದ ಮಾದರಿಯೆನಿಸಿವೆ.

ದಾದಿಯರ ಶಾಲೆ ಮತ್ತು ವೈದ್ಯಕೀಯ ಶಾಲೆ

ಒಬ್ಬರೇ ಎಷ್ಟು ದುಡಿದರೂ ಅಗತ್ಯದ ಒಂದು ಅಂಶವೂ ಪೂರೈಸದೆಂಬುದನ್ನು ಅರಿತ ಐಡಾ, ಭಾರತೀಯ ಹೆಣ್ಣುಮಕ್ಕಳಿಗೆ ತರಬೇತಿ ನೀಡುವ ಕಡೆಗೆ ಗಮನ ಹರಿಸಿದರು. 1909ರಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮಹಿಳೆಯರಿಗಾಗಿಯೇ ವೈದ್ಯಕೀಯ ಶಾಲೆಯೊಂದನ್ನು ತೆರೆಯಬೇಕೆಂಬುದು ಅವರ ಮುಂದಿನ ಯೋಜನೆ. ಮದ್ರಾಸ್ ಸರ್ಕಾರದ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಿಗೆ ಹುಡುಗಿಯರು ಅರ್ಜಿ ಹಾಕುವರೆಂಬ ನಂಬಿಕೆ ಇರಲಿಲ್ಲ. ಆರು ಮಂದಿ ಬಂದರೆ ಶಾಲೆ ಆರಂಭಿಸಬಹುದೆಂದು ಅವರು ಅನುಮತಿ ನೀಡಿದರು. ಬಂದ ಅರ್ಜಿಗಳು ಅದರ ಎಷ್ಟೋ ಪಟ್ಟು ಹೆಚ್ಚಾಗಿದ್ದವು.

1918ರ ಆಗಸ್ಟ್ 12ರಂದು ಮಿಷನರಿ ಮಹಿಳಾ ವೈದ್ಯಕೀಯ ಶಾಲೆ ಆರಂಭವಾಯಿತು. ಮೊದಲನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸ್ವಂತ ಕಟ್ಟಡವಿರಲಿಲ್ಲ, ಉಪಕರಣಗಳು ಅಲ್ಪ, ಅಧ್ಯಾಪಕರು ಬೆರಳೆಣಿಕೆಯಷ್ಟು. ಹೀಗಿದ್ದರೂ ಮೊದಲ ವರ್ಷದ ಸರ್ಕಾರಿ ಪರೀಕ್ಷೆಗೆ ಕುಳಿತ ವೆಲ್ಲೂರಿನ ವಿದ್ಯಾರ್ಥಿನಿಯರೆಲ್ಲರೂ ಉತ್ತೀರ್ಣರಾದರು. ಅದೇ ಪರೀಕ್ಷೆಯಲ್ಲಿ ಪ್ರಾಂತ್ಯದ ಪುರುಷ ವಿದ್ಯಾರ್ಥಿಗಳಲ್ಲಿ ತೇರ್ಗಡೆಯಾದವರು ಕೆಲವೇ ಮಂದಿ. ಹೆಣ್ಣುಮಕ್ಕಳಿಗೆ ವೈದ್ಯ ವಿದ್ಯೆ ಒಗ್ಗದೆಂಬ ಮಾತಿಗೆ ಈ ಫಲಿತಾಂಶವೇ ಉತ್ತರವಾಯಿತು.

ಹಣ ಸಂಗ್ರಹದ ದಾರಿಗಳು

ಐಡಾ ಅವರ ಬದುಕಿನ ಬಹುಭಾಗ ಎರಡು ಕೆಲಸಗಳ ನಡುವೆ ಹಂಚಿಹೋಗಿತ್ತು. ಒಂದು, ರೋಗಿಗಳ ಸೇವೆ. ಇನ್ನೊಂದು, ಆ ಸೇವೆಗೆ ಬೇಕಾದ ಹಣವನ್ನು ಕೂಡಿಸುವುದು. ಅವರು ಅನೇಕ ಬಾರಿ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಭಾಷಣ ಮಾಡಿದರು.

1920ರ ದಶಕದ ಆರಂಭದಲ್ಲಿ ಏಷ್ಯಾದ ಏಳು ಮಹಿಳಾ ಕಾಲೇಜುಗಳಿಗಾಗಿ ಅಮೆರಿಕದಲ್ಲಿ ದೊಡ್ಡ ನಿಧಿ ಸಂಗ್ರಹ ನಡೆಯಿತು. ಲೂಸಿ ಪೀಬಾಡಿ ಎಂಬ ಮಹಿಳೆ ಇದರ ಮುಂದಾಳು. ವೆಲ್ಲೂರಿನ ಶಾಲೆ ಆ ಏಳರಲ್ಲಿ ಒಂದು. ರಾಕ್‌ಫೆಲರ್ ಕುಟುಂಬದ ಲಾರಾ ಸ್ಪೆಲ್ಮನ್ ರಾಕ್‌ಫೆಲರ್ ಸ್ಮಾರಕ ನಿಧಿಯು ಒಂದು ಷರತ್ತಿನೊಡನೆ 10 ಲಕ್ಷ ಡಾಲರ್ ಕೊಡಲು ಮುಂದೆ ಬಂದಿತು. ಮಹಿಳೆಯರು ತಾವಾಗಿ 20 ಲಕ್ಷ ಡಾಲರ್ ಕೂಡಿಸಿದರೆ ಮಾತ್ರ ಆ ಹಣ ಸಲ್ಲುವುದು ಎಂಬುದೇ ಆ ಷರತ್ತು. ಶಾಲಾ ಮಕ್ಕಳ ಚಿಲ್ಲರೆ ಕಾಸಿನಿಂದ ಶ್ರೀಮಂತರ ದೊಡ್ಡ ಚೆಕ್ಕುಗಳವರೆಗೆ ಎಲ್ಲವೂ ಸೇರಿ 1923ರ ಆರಂಭದ ಹೊತ್ತಿಗೆ ಗುರಿ ಮುಟ್ಟಿತು. ಜನರ ವಂತಿಗೆಗೆ ಸಮವಾಗಿ ಅಥವಾ ಪ್ರಮಾಣಾನುಸಾರ ದೊಡ್ಡ ನಿಧಿಯೊಂದು ಹಣ ಸೇರಿಸುವ ಈ ಪದ್ಧತಿಯನ್ನು ಇಂದಿಗೂ ಅನೇಕ ಸಂಸ್ಥೆಗಳು ಅನುಸರಿಸುತ್ತಿವೆ. ಇದರಲ್ಲಿ ಎರಡು ಲಾಭಗಳಿವೆ. ಸಣ್ಣ ದಾನಿಗೆ ತನ್ನ ಒಂದು ರೂಪಾಯಿಗೂ ಬೆಲೆಯಿದೆಯೆಂಬ ಭರವಸೆ ಹುಟ್ಟುತ್ತದೆ. ದೊಡ್ಡ ದಾನಿಗೆ ಆ ಕೆಲಸಕ್ಕೆ ಜನರ ಬೆಂಬಲವಿದೆಯೆಂಬುದು ಖಚಿತವಾಗುತ್ತದೆ.

ವೆಲ್ಲೂರಿಗೆ ಒದಗಿದ ದಾನ ಹಲವು ಬಗೆಯದು. ಕಟ್ಟಡಗಳಿಗೆ ಮತ್ತು ಉಪಕರಣಗಳಿಗೆ ಬಂದ ಹಣ ಕಣ್ಣಿಗೆ ಕಾಣುವಂಥದು. ಪ್ರತಿದಿನದ ಔಷಧಿ, ಊಟ, ಸಂಬಳಗಳಿಗೆ ಬೇಕಾದ ಹಣ ಕಾಣದಂಥದು. ಅದನ್ನು ಕೂಡಿಸುವುದು ಹೆಚ್ಚು ಕಷ್ಟ. ಅಮೆರಿಕದ ಚರ್ಚುಗಳ ಮಹಿಳೆಯರು ಬಟ್ಟೆಯ ಪಟ್ಟಿಗಳನ್ನು ಸುತ್ತಿ ಪೆಟ್ಟಿಗೆಗಳಲ್ಲಿ ಕಳುಹಿಸುತ್ತಿದ್ದರು. ನ್ಯೂಯಾರ್ಕಿನ ಗರ್ಟ್ರೂಡ್ ಡಾಡ್ ಎಂಬ ಅನುಕೂಲಸ್ಥ ಮಹಿಳೆ ವೆಲ್ಲೂರಿಗೇ ಬಂದು ನೆಲೆಸಿ, ತಮ್ಮ ಆದಾಯವನ್ನೂ ದುಡಿಮೆಯನ್ನೂ ಸಂಸ್ಥೆಗೆ ಧಾರೆಯೆರೆದರು. ಲೆಕ್ಕಪತ್ರಗಳನ್ನು ನೋಡಿಕೊಂಡು, ಬಡ ವಿದ್ಯಾರ್ಥಿನಿಯರ ಓದಿಗೆ ನೆರವಾದರು. ಕೊಡಬಲ್ಲ ರೋಗಿಗಳು ಶುಲ್ಕ ಕೊಡುತ್ತಿದ್ದರು. ಆ ಹಣ ಕೊಡಲಾರದವರ ಚಿಕಿತ್ಸೆಗೆ ಒದಗುತ್ತಿತ್ತು.

ಹೀಗೆ ಬಂದ ಹಣದಿಂದ 1920ರ ದಶಕದಲ್ಲಿ ವೆಲ್ಲೂರು ಪೇಟೆಯೊಳಗೆ ಹೊಸ ದೊಡ್ಡ ಆಸ್ಪತ್ರೆ ಎದ್ದಿತು. 1928ರಲ್ಲಿ ಊರ ಹೊರಗೆ ಬಾಗಾಯಂ ಬಳಿ ಬೆಟ್ಟದ ತಪ್ಪಲಿನ ಸುಮಾರು 200 ಎಕರೆ ಜಾಗದಲ್ಲಿ ಕಾಲೇಜು ಕಟ್ಟಡದ ಕೆಲಸ ಆರಂಭವಾಯಿತು. ಆ ದಶಕದ ಕೊನೆಯ ಭಾಗದಲ್ಲಿ ಮಹಾತ್ಮ ಗಾಂಧಿಯವರೂ ಈ ಶಾಲೆಗೆ ಭೇಟಿ ನೀಡಿದರು.

ಸಂಸ್ಥೆಯ ಅಳಿವು ಉಳಿವಿನ ಪ್ರಶ್ನೆ

1930ರ ದಶಕದ ಕೊನೆಯಲ್ಲಿ ಸಂಸ್ಥೆ ತನ್ನ ಅತ್ಯಂತ ಕಠಿಣ ಪರೀಕ್ಷೆಯನ್ನು ಎದುರಿಸಿತು. ವೆಲ್ಲೂರಿನ ಶಾಲೆ ನೀಡುತ್ತಿದ್ದುದು ಎಲ್.ಎಂ.ಪಿ. ಎಂಬ ಡಿಪ್ಲೊಮಾ. ಆ ಬಗೆಯ ಶಿಕ್ಷಣವನ್ನು ಕೊನೆಗೊಳಿಸಿ, ವೈದ್ಯಕೀಯ ಶಿಕ್ಷಣವೆಲ್ಲವೂ ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಪದವಿಯ ಮಟ್ಟದಲ್ಲಿಯೇ ಇರಬೇಕೆಂದು ಮದ್ರಾಸ್ ಸರ್ಕಾರ ತೀರ್ಮಾನಿಸಿತು. ಅದಕ್ಕೆ ಉನ್ನತ ಪದವಿಯುಳ್ಳ ಪ್ರಾಧ್ಯಾಪಕರು, ಪ್ರಯೋಗಾಲಯಗಳು ಮತ್ತು ಹೆಚ್ಚು ಹಾಸಿಗೆಗಳ ಆಸ್ಪತ್ರೆ ಬೇಕಾಗಿತ್ತು. ಹಣ ಒದಗದಿದ್ದರೆ ಇಪ್ಪತ್ತು ವರ್ಷಗಳ ಶಾಲೆಯನ್ನು ಮುಚ್ಚುವುದೊಂದೇ ದಾರಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಐಡಾ ಮತ್ತೆ ಅಮೆರಿಕಕ್ಕೆ ಹೋಗಿ ಊರೂರು ಅಲೆದರು.

ಈ ಹೊತ್ತಿನಲ್ಲಿ ಇನ್ನೊಂದು ತೊಡಕು ಹುಟ್ಟಿತು. ಎಲ್ಲ ಮಿಷನ್‌ಗಳೂ ಒಟ್ಟುಗೂಡಿ ನೆರವಾಗಬೇಕಾದರೆ ಕಾಲೇಜಿಗೆ ಪುರುಷ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬೇಕೆಂಬ ಅಭಿಪ್ರಾಯ ಬಲವಾಯಿತು. ಮಹಿಳೆಯರಿಗಾಗಿ, ಮಹಿಳೆಯರೇ ಕೊಟ್ಟ ಹಣದಿಂದ ಬೆಳೆದ ಸಂಸ್ಥೆಯನ್ನು ಹಾಗೆ ಬದಲಿಸುವುದು ದಾನಿಗಳಿಗೆ ಮಾಡಿದ ದ್ರೋಹವೆಂದು ಕೆಲವರು ಭಾವಿಸಿದರು. ದಶಕಗಳ ಕಾಲ ಜೊತೆಯಾಗಿ ದುಡಿದ ಲೂಸಿ ಪೀಬಾಡಿ ಅವರೇ ವಿರೋಧಿಸಿದವರಲ್ಲಿ ಪ್ರಮುಖರು. ದಾನ ಕೊಟ್ಟಾಗ ಇದ್ದ ಉದ್ದೇಶಕ್ಕೆ ಸಂಸ್ಥೆ ಎಷ್ಟರಮಟ್ಟಿಗೆ ಬದ್ಧವಾಗಿರಬೇಕು, ಕಾಲ ಬದಲಾದಾಗ ಅದನ್ನು ಎಷ್ಟು ವಿಸ್ತರಿಸಬಹುದು ಎಂಬ ಪ್ರಶ್ನೆ ಇಲ್ಲಿ ಎದ್ದಿತು. ಐಡಾ ಅವರಿಗೂ ಈ ನಿರ್ಧಾರ ಸುಲಭವಾಗಿರಲಿಲ್ಲ. ಕಾಲೇಜು ಮುಚ್ಚಿದರೆ ಹೆಣ್ಣುಮಕ್ಕಳಿಗೂ ಏನೂ ಉಳಿಯದು ಎಂದು ಬಗೆದು, ಹಳೆಯ ಸ್ನೇಹಕ್ಕೆ ನೋವಾದರೂ ಅವರು ಬದಲಾವಣೆಯನ್ನು ಒಪ್ಪಿದರು.

1942ರಲ್ಲಿ ಕಾಲೇಜಿಗೆ ಎಂ.ಬಿ.ಬಿ.ಎಸ್. ಮಟ್ಟದ ಮಾನ್ಯತೆ ದೊರಕಿತು. 1946ರಲ್ಲಿ ದೇಶದ ಮೊದಲ ನರ್ಸಿಂಗ್ ಪದವಿ ಶಿಕ್ಷಣಗಳಲ್ಲಿ ಒಂದು ಇಲ್ಲಿ ಆರಂಭವಾಯಿತು. 1947ರಲ್ಲಿ ಪುರುಷ ವಿದ್ಯಾರ್ಥಿಗಳಿಗೆ ಪ್ರವೇಶ ನೀಡಲಾಯಿತು. ಐಡಾ 1946ರಲ್ಲಿ ನಿವೃತ್ತರಾದರು. ಮುಂದೆ ಭಾರತೀಯ ವೈದ್ಯೆ ಡಾ. ಹಿಲ್ಡಾ ಮೇರಿ ಲಾಜರಸ್ ಸಂಸ್ಥೆಯ ನಿರ್ದೇಶಕಿಯಾದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಆಡಳಿತವು ಭಾರತೀಯರ ಕೈಗೆ ಬಂದದ್ದು ಸಂಸ್ಥೆಯ ಇತಿಹಾಸದ ಮುಖ್ಯ ತಿರುವು.

ಚಿಕಿತ್ಸೆಯಿಂದ ಸಂಶೋಧನೆಗೆ

ವೆಲ್ಲೂರಿನ ಸಂಶೋಧನೆ ರೋಗಿಗಳ ಅಗತ್ಯದಿಂದಲೇ ಹುಟ್ಟಿದುದು. ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ಕುಷ್ಠರೋಗ ಹೆಚ್ಚಾಗಿತ್ತು. 1940ರ ದಶಕದಲ್ಲಿ ಕುಷ್ಠರೋಗ ತಜ್ಞ ಡಾ. ರಾಬರ್ಟ್ ಕಾಕ್ರೇನ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅವರ ಒತ್ತಾಸೆಯಿಂದ ಈ ರೋಗದತ್ತ ತಿರುಗಿದ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್, ಕುಷ್ಠದಿಂದ ಮಡಚಿಹೋದ ಕೈಬೆರಳುಗಳನ್ನು ಸ್ನಾಯುರಜ್ಜು ವರ್ಗಾವಣೆಯ ಮೂಲಕ ಮತ್ತೆ ಉಪಯೋಗಕ್ಕೆ ತರುವ ವಿಧಾನವನ್ನು 1948ರಿಂದ ಬೆಳೆಸಿದರು. ಬೆರಳುಗಳು ರೋಗದಿಂದಲೇ ಉದುರುತ್ತವೆಂಬ ನಂಬಿಕೆಯನ್ನು ಅವರು ಪರೀಕ್ಷಿಸಿ, ಸ್ಪರ್ಶಜ್ಞಾನ ಹೋದುದರಿಂದ ಆಗುವ ಗಾಯಗಳೇ ಅಂಗನಾಶಕ್ಕೆ ಮುಖ್ಯ ಕಾರಣವೆಂದು ತೋರಿಸಿದರು. 1955ರಲ್ಲಿ ವೆಲ್ಲೂರಿನ ಬಳಿ ಕರಿಗಿರಿಯಲ್ಲಿ ಷೀಫೆಲಿನ್ ಕುಷ್ಠರೋಗ ಸಂಶೋಧನಾ ಕೇಂದ್ರ ಆರಂಭವಾಯಿತು. ಇದಕ್ಕೂ ಹೊರದೇಶದ ದಾನಿಗಳ ನೆರವಿತ್ತು.

1949ರಲ್ಲಿ ಡಾ. ಜೇಕಬ್ ಚಾಂಡಿ ಅವರ ನೇತೃತ್ವದಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಇಲ್ಲಿ ಆರಂಭವಾಯಿತು. ಐಡಾ ಅವರ ಸೋದರನ ಮಗಳು ಡಾ. ಐಡಾ ಬಿ. ಸ್ಕಡರ್ ವಿಕಿರಣ ಚಿಕಿತ್ಸೆಯನ್ನು ಬೆಳೆಸಿದರು. ಸ್ಥಾಪಕಿಯ ನಂತರವೂ ಈ ಪರಂಪರೆ ಮುಂದುವರಿಯಿತು. ದೇಶದ ಆರಂಭದ ತೆರೆದ ಹೃದಯ ಶಸ್ತ್ರಚಿಕಿತ್ಸೆಗಳು 1961ರಲ್ಲಿ, ಮೂತ್ರಪಿಂಡ ಕಸಿ 1971ರಲ್ಲಿ ಇಲ್ಲಿ ನಡೆದವು. 1986ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಎಚ್.ಐ.ವಿ. ಸೋಂಕು ಪತ್ತೆಯಾದಾಗ, ಡಾ. ಸುನೀತಿ ಸಾಲೊಮನ್ ಅವರ ತಂಡ ಮದ್ರಾಸಿನಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳ ಪರೀಕ್ಷೆ ನಡೆದದ್ದು ವೆಲ್ಲೂರಿನಲ್ಲಿ.

ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ನಂಟು

ಐಡಾ ಅವರು ವೆಲ್ಲೂರಿನಲ್ಲಿ ಕೆಲಸ ಆರಂಭಿಸಿದ ಕಾಲವೇ ಕೋಲಾರ ಚಿನ್ನದ ಗಣಿಗಳು ಏಳಿಗೆ ಕಂಡ ಕಾಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಗೆ ಕೈಹಾಕಿತು. ಶೆಲ್ ಆಸ್ಪತ್ರೆ ಆರಂಭವಾದ 1902ರಲ್ಲಿಯೇ ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ ಬಂದಿತು. ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಮೊದಲಾದೆಡೆ ನೆಲೆಸಿದ ಕಾರ್ಮಿಕರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು ಮತ್ತು ತೆಲುಗು ಭಾಷಿಕರು. ಅವರಲ್ಲಿ ಅನೇಕರಿಗೆ ವೆಲ್ಲೂರು ತವರು ಜಿಲ್ಲೆಯ ಪಟ್ಟಣ.

ರೈಲು ಈ ನಂಟನ್ನು ಸುಲಭಗೊಳಿಸಿತು. ಹಿಂದೆ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯು ಬೆಂಗಳೂರು–ಮದ್ರಾಸ್ ಮಾರ್ಗದ ಜಂಕ್ಷನ್. ಗಣಿ ಪ್ರದೇಶದ ಮಾರಿಕುಪ್ಪಂಗೆ ಇಲ್ಲಿಂದ ಕವಲು ಮಾರ್ಗವಿದೆ. ಬಂಗಾರಪೇಟೆಯಿಂದ ಪೂರ್ವಕ್ಕೆ ಹೊರಟ ರೈಲು ಕುಪ್ಪಂ, ಜೋಲಾರ್‌ಪೇಟೆ, ವಾಣಿಯಂಬಾಡಿ, ಆಂಬೂರುಗಳನ್ನು ದಾಟಿ, ಐಡಾ ವಾರಕ್ಕೊಮ್ಮೆ ಹೋಗುತ್ತಿದ್ದ ಗುಡಿಯಾತ್ತಂ ಮೂಲಕ ಕಾಟ್ಪಾಡಿಗೆ ತಲುಪುತ್ತದೆ. ಕಾಟ್ಪಾಡಿಯೇ ವೆಲ್ಲೂರಿನ ದೊಡ್ಡ ರೈಲು ನಿಲ್ದಾಣ.

ಗಣಿ ಪ್ರದೇಶದಲ್ಲಿ ಕಂಪನಿಯ ಸ್ವಂತ ಆಸ್ಪತ್ರೆಯೊಂದು ಚಾಂಪಿಯನ್ ರೀಫ್‌ನಲ್ಲಿತ್ತು. ಗಣಿಯ ಅಪಘಾತಗಳಿಗೂ, ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಕಾಯಿಲೆಗೂ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತು. ಅದರ ಖರ್ಚು ಗಣಿಯ ಆದಾಯದಿಂದ ಬರುತ್ತಿತ್ತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ಗಣಿಯನ್ನು ಆಶ್ರಯಿಸಿದ್ದ ಆಸ್ಪತ್ರೆಯ ಸೇವೆಯೂ ಕೊನೆಗೊಂಡಿತು. ಒಂದೇ ಉದ್ಯಮದ ಆದಾಯವನ್ನು ನೆಚ್ಚಿದ ಆಸ್ಪತ್ರೆ ಆ ಉದ್ಯಮದೊಂದಿಗೇ ಮುಳುಗಿತು. ಹಲವು ಮೂಲಗಳ ದೇಣಿಗೆ ಮತ್ತು ಶುಲ್ಕಗಳ ಮೇಲೆ ನಿಂತ ವೆಲ್ಲೂರಿನ ಆಸ್ಪತ್ರೆ ಯುದ್ಧ, ಆಡಳಿತ ಬದಲಾವಣೆಗಳನ್ನು ದಾಟಿ ಉಳಿಯಿತು. ಹತ್ತಿರದ ಎರಡು ಊರುಗಳ ಈ ಎರಡು ಮಾದರಿಗಳು ಆಸ್ಪತ್ರೆಗಳ ಆರ್ಥಿಕ ವ್ಯವಸ್ಥೆಯನ್ನು ಅರಿಯಲು ಒಳ್ಳೆಯ ಉದಾಹರಣೆಗಳು. ಗಣಿ ಮುಚ್ಚಿದ ನಂತರ ಈ ಭಾಗದವರು ದೊಡ್ಡ ಚಿಕಿತ್ಸೆಗಾಗಿ ಕೋಲಾರ, ಬೆಂಗಳೂರು ಮತ್ತು ವೆಲ್ಲೂರುಗಳಿಗೆ ಹೋಗುತ್ತಾರೆ.

ಇಂದಿನ ದೇಣಿಗೆ ವ್ಯವಸ್ಥೆ

ಈಗ ಸಿ.ಎಂ.ಸಿ.ಯ ದಿನನಿತ್ಯದ ವೆಚ್ಚದ ಬಹುಪಾಲು ರೋಗಿಗಳ ಶುಲ್ಕದಿಂದಲೇ ಬರುತ್ತದೆ. ಲಾಭಕ್ಕಾಗಿ ನಡೆಯದ ಸಂಸ್ಥೆಯಾದುದರಿಂದ ಉಳಿದ ಹಣ ಬಡವರ ಚಿಕಿತ್ಸೆಗೂ ಸಂಸ್ಥೆಯ ಬೆಳವಣಿಗೆಗೂ ಮರಳುತ್ತದೆ. ಬಡ ರೋಗಿಗಳ ನೆರವಿಗಾಗಿ ಪ್ರತ್ಯೇಕ ನಿಧಿಗಳಿವೆ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ವೆಲ್ಲೂರಿನ ಸ್ನೇಹಿತರ ಸಂಘಗಳು ಹಣ ಸಂಗ್ರಹಿಸಿ ಕಳುಹಿಸುತ್ತವೆ. ಹಳೆಯ ವಿದ್ಯಾರ್ಥಿಗಳೂ ಗುಣಮುಖರಾದ ರೋಗಿಗಳೂ ದಾನಿಗಳಲ್ಲಿ ಸೇರಿದ್ದಾರೆ. ಸಂಶೋಧನೆಗೆ ಸರ್ಕಾರಿ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳ ಅನುದಾನ ದೊರೆಯುತ್ತದೆ. 2022ರಲ್ಲಿ ಐಡಾ ಅವರ ಜನ್ಮಸ್ಥಳವಾದ ರಾಣಿಪೇಟೆಯಲ್ಲಿಯೇ ಸಂಸ್ಥೆಯ ಹೊಸ ಆಸ್ಪತ್ರೆ ಸೇವೆ ಆರಂಭಿಸಿತು.

ಈ ವ್ಯವಸ್ಥೆಗೆ ಮಿತಿಗಳೂ ಇವೆ. ಎಷ್ಟೇ ನಿಧಿಯಿದ್ದರೂ ಬರುವ ರೋಗಿಗಳೆಲ್ಲರ ಪೂರ್ಣ ವೆಚ್ಚ ಭರಿಸಲಾಗದು. ದೂರದಿಂದ ಬಂದವರಿಗೆ ಪ್ರಯಾಣ, ವಸತಿ, ಕೂಲಿಯ ನಷ್ಟಗಳ ಹೊರೆ ಬೇರೆ. ದಾನವು ಸರ್ಕಾರಿ ಆರೋಗ್ಯ ಸೇವೆಗೆ ಪೂರಕವಾಗಬಲ್ಲದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಗೌರವಗಳು

ಬ್ರಿಟಿಷ್ ಸರ್ಕಾರ ಐಡಾ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಿತು. 1952ರಲ್ಲಿ ಅಮೆರಿಕದ ಎಲಿಜಬೆತ್ ಬ್ಲ್ಯಾಕ್‌ವೆಲ್ ಗೌರವ ಸಂದಿತು. ಅವರ ಹೆಸರು ಮತ್ತು ಭಾರತ ಎಂಬಷ್ಟೇ ವಿಳಾಸ ಬರೆದ ಪತ್ರಗಳೂ ವೆಲ್ಲೂರಿಗೆ ತಲುಪುತ್ತಿದ್ದವೆಂದು ಹೇಳಲಾಗುತ್ತದೆ. ಡೊರೊಥಿ ಕ್ಲಾರ್ಕ್ ವಿಲ್ಸನ್ ಅವರು ಬರೆದ ಜೀವನಚರಿತ್ರೆ 1959ರಲ್ಲಿ ಪ್ರಕಟವಾಯಿತು. ಸಂಸ್ಥೆಯ ಶತಮಾನೋತ್ಸವದ ಅಂಗವಾಗಿ 2000ದ ಆಗಸ್ಟ್ 12ರಂದು ಭಾರತೀಯ ಅಂಚೆ ಇಲಾಖೆ ವಿಶೇಷ ಅಂಚೆಚೀಟಿಯನ್ನು ಹೊರತಂದಿತು.

ನಿಧನ

ನಿವೃತ್ತಿಯ ನಂತರ ಐಡಾ ಅವರು ಕೊಡೈಕೆನಾಲ್‌ನ ತಮ್ಮ ಮನೆಯಲ್ಲಿ ನೆಲೆಸಿದರು. ಅವರು ಮದುವೆಯಾಗಲಿಲ್ಲ. 1960ರ ಮೇ 24ರಂದು 89ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ಮಹಿಳಾ ವೈದ್ಯರಿಲ್ಲದೆ ಮೂವರು ತಾಯಂದಿರು ಸತ್ತ ರಾತ್ರಿಯಿಂದ ಅವರ ಮರಣದವರೆಗಿನ ಎಪ್ಪತ್ತು ವರ್ಷಗಳಲ್ಲಿ, ವೆಲ್ಲೂರಿನಲ್ಲಿ ಓದಿದ ನೂರಾರು ಭಾರತೀಯ ವೈದ್ಯೆಯರು ಮತ್ತು ದಾದಿಯರು ದೇಶದ ನಾನಾ ಭಾಗಗ​ಳ ಆಸ್ಪತ್ರೆಗಳಲ್ಲಿ ಕೆಲಸ ಮಾಡತೊಡಗಿದ್ದರು.